ಅರಮನೆ ಬಿಟ್ಟು ಬೇರೆ ಏನಾದ್ರೂ

"ಅರಮನೆ ಫೋಟೋ ಮಾತ್ರ ತರಬೇಡಮ್ಮಾ. ಅದು ಕ್ಯಾಲೆಂಡರಿನಲ್ಲೇ ಇದೆ."

ಅಪ್ಪ ಮಂಚದ ಮೇಲಿಂದಲೇ ಹೇಳಿದರು. ಮಂಡಿ ಆಪರೇಷನ್ ಆಗಿ ಐದು ವಾರವಾಗಿತ್ತು. ಅಂದರೆ ಐದು ಭಾನುವಾರ ಅವರು ದೇವರಾಜ ಮಾರ್ಕೆಟ್ಟಿಗೆ ಹೋಗಿರಲಿಲ್ಲ. ನಮ್ಮ ಮನೆ ಇರುವುದು ಕುವೆಂಪುನಗರದಲ್ಲಿ. ತಿರುವಿನಲ್ಲೇ ತರಕಾರಿ ಅಂಗಡಿ ಇದೆ, ತಳ್ಳುಗಾಡಿಯವರು ಬಾಗಿಲಿಗೇ ಬಂದು ಕೂಗುತ್ತಾರೆ. ಆದರೂ ಭಾನುವಾರ ಬೆಳಗ್ಗೆ ಎರಡು ಬಟ್ಟೆ ಚೀಲ ಮಡಚಿಕೊಂಡು ಬಸ್ಸು ಹತ್ತದಿದ್ದರೆ ಅವರಿಗೆ ಸಮಾಧಾನವಿಲ್ಲ. ಈಗ ಮನೆಯೊಳಗೇ ವಾಕರ್ ಹಿಡಿದು ಓಡಾಟ. ಡಾಕ್ಟರು ತೂಕ ಇಳಿಸಿ ಅಂದಿದ್ದರಿಂದ ಎಣ್ಣೆ ತಿಂಡಿಯೂ ಬಂದ್. ಅಪ್ಪನಿಗೆ ಇಲ್ಲದ್ದು ನಮಗ್ಯಾಕೆ ಅಂತ ಅಮ್ಮ ಮನೆಮಂದಿಗೆಲ್ಲ ಅದೇ ಪಥ್ಯ ಮಾಡಿಬಿಟ್ಟಿದ್ದರು.

"ಸುಮ್ನೆ ಒಂದಷ್ಟು ಫೋಟೋ ತೆಗೆದುಕೊಂಡು ಬಾ. ಕೂತು ನೋಡ್ತೀನಿ" ಅಂದರು ಅಪ್ಪ.

ಮಗನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಒಂಬತ್ತು ಗಂಟೆಗೆ ಹೊರಟೆ. ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಸಿಟಿಗೆ ಹೋಗಲು ದೊಡ್ಡ ಕಾರಣವೇನೂ ಬೇಕಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕೆ.ಆರ್. ಸರ್ಕಲ್ಲಿಗೆ ಬಂದೆ. ಮಂಟಪದೊಳಗೆ ನಾಲ್ವಡಿ ಕೃಷ್ಣರಾಜ ಒಡೆಯರು ನಿಂತಿದ್ದರು, ಸುತ್ತ ಆಟೋ, ಬಸ್ಸು. ಕ್ಯಾಮೆರಾ ಕಣ್ಣಿಗಿಟ್ಟು ಗುಂಡಿ ಒತ್ತಿದೆ. ಕಾರ್ಡ್ ಇಲ್ಲ ಅಂತು. ಮೆಮೊರಿ ಕಾರ್ಡು ಮನೆಯ ಕಂಪ್ಯೂಟರಿನಲ್ಲೇ ಆರಾಮಾಗಿ ಕೂತಿತ್ತು. ಒಂದು ಕೆಜಿ ತೂಕದ ಸರ ಹಾಕಿಕೊಂಡು ಮೊಬೈಲಿನಲ್ಲಿ ಫೋಟೋ ತೆಗೆಯುವ ಭಾಗ್ಯ ನನ್ನದಾಯಿತು. ಸಿಟ್ಟು ಬಂತು. ಇಳಿಯುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಮೊದಲು ತೆಗೆದದ್ದು ದೊಡ್ಡ ಗಡಿಯಾರ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಅಂದುಕೊಂಡಿದ್ದೆ. ಮೊಬೈಲಿನಲ್ಲಿ ಹತ್ತಿರಕ್ಕೆ ಎಳೆದಾಗಲೇ ಗೊತ್ತಾಗಿದ್ದು, ಅದರ ಮುಖದ ಮೇಲಿರುವುದು ಕನ್ನಡದ ಅಂಕಿಗಳು. ಇಷ್ಟು ವರ್ಷ ನಾನು ಮುಳ್ಳು ಮಾತ್ರ ನೋಡಿ ಓಡುತ್ತಿದ್ದೆ ಅನಿಸುತ್ತೆ. ಪಕ್ಕದಲ್ಲಿದ್ದ ಕಾಲೇಜು ಹುಡುಗನಿಗೆ ತೋರಿಸಿದೆ. "ಹೌದಾ ಆಂಟಿ?" ಅಂತ ತಲೆಯೆತ್ತಿ ನೋಡಿ, ತನ್ನ ಮೊಬೈಲಿನಲ್ಲಿ ಟೈಮ್ ನೋಡಿಕೊಂಡು ಹೋದ.

ಸಯ್ಯಾಜಿರಾವ್ ರಸ್ತೆಯಲ್ಲಿ ನಡೆದು ಮಾರ್ಕೆಟ್ಟಿನೊಳಗೆ ನುಗ್ಗಿದೆ. ಕಾರ್ತಿಕ ಮಾಸ, ಹೂವಿನ ಸಾಲಿನ ತುಂಬ ಸೇವಂತಿಗೆ. ಹಳದಿ, ಬಿಳಿ, ಕುಂಕುಮದ ಬಣ್ಣ. ಕಟ್ಟಿದ ಹೂವಿನ ಸುರುಳಿಗಳು ಬುಟ್ಟಿಯಲ್ಲಿ ಹಾವಿನ ಹಾಗೆ ಸುತ್ತಿಕೊಂಡು ಕೂತಿದ್ದವು. ಮಾರು ಅಳೆಯುವಾಗ ಹೂವಿನವರ ಕೈ ಎಷ್ಟು ಉದ್ದ ಚಾಚುತ್ತೆ ಅನ್ನುವುದನ್ನು ಅಮ್ಮ ಜೊತೆಗೆ ಬಂದಾಗಲೆಲ್ಲ ಹದ್ದಿನ ಕಣ್ಣಿಟ್ಟು ನೋಡುತ್ತಿದ್ದರು. ನಾನು ಅದರ ಫೋಟೋ ತೆಗೆಯಲು ಹೋದೆ, ಕೈ ಅಲುಗಿ ಬರೀ ಹಳದಿ ಗೆರೆ ಬಂತು.

ಕುಂಕುಮದ ಅಂಗಡಿ ಮುಂದೆ ನಾಲ್ಕು ಜನ ಪ್ರವಾಸಿಗರು ಕ್ಯಾಮೆರಾ ಹಿಡಿದು ನಿಂತಿದ್ದರು. ತಟ್ಟೆಗಳಲ್ಲಿ ಬೆಟ್ಟದ ಹಾಗೆ ಚೂಪಾಗಿ ಒಟ್ಟಿದ ಕೆಂಪು, ನೀಲಿ, ಹಸಿರು ಪುಡಿ. ಮೈಸೂರು ಅಂದರೆ ಅರಮನೆ ಆದಮೇಲೆ ಜನ ತೋರಿಸುವುದು ಇದನ್ನೇ. ನಾನೂ ತೆಗೆದೆ. ಚೆನ್ನಾಗಿಯೇ ಬಂತು. ಅದನ್ನು ಕೆಟ್ಟದಾಗಿ ತೆಗೆಯುವುದೇ ಕಷ್ಟ.

ಜಾಸ್ತಿ ಹೊತ್ತು ನಿಂತಿದ್ದು ವೀಳ್ಯದೆಲೆ ಮಾರುವ ಅಜ್ಜನ ಹತ್ತಿರ. ಒದ್ದೆ ಗೋಣಿಚೀಲದ ಮೇಲೆ ಎಲೆ ಜೋಡಿಸಿದ್ದರು. ಮೈಸೂರಿನ ಚಿಗುರೆಲೆ, ಅಂಗೈಗಿಂತ ಚಿಕ್ಕದು, ಬಾಯಲ್ಲಿಟ್ಟರೆ ಕರಗುತ್ತೆ ಅಂತ ಅಪ್ಪ ಹೊಗಳುವ ಎಲೆ. ಅಜ್ಜ ಎಲೆ ಎಣಿಸುತ್ತಿದ್ದರು. ಹೆಬ್ಬೆರಳಿನಿಂದ ಎರಡೆರಡೇ ಎಲೆ ಸರಿಸುತ್ತಾ, ತುಟಿ ಅಲುಗಿಸುತ್ತಾ. ಅಂಚು ಕಪ್ಪಾದ ಎಲೆ ಬಂದರೆ ಎಣಿಕೆ ನಿಲ್ಲಿಸದೆ ಪಕ್ಕಕ್ಕೆ ಎಸೆಯುತ್ತಿದ್ದರು. ಆ ಹೆಬ್ಬೆರಳಿನ ಉಗುರು ಹಸಿರಾಗಿತ್ತು. ನಾನು ಎಂಟೊಂಬತ್ತು ಸಲ ಕ್ಲಿಕ್ ಮಾಡಿದ ಮೇಲೆ ತಲೆಯೆತ್ತದೆ ಕೇಳಿದರು, "ಫೋಟೋ ಆಯ್ತು, ಎಲೆ ಬ್ಯಾಡ್ವಾ?" ತಗೊಂಡೆ.

ತಲೆಯೆತ್ತಿದರೆ ಹಳೇ ಕಟ್ಟಡದ ಬಿರುಕು ಕಾಣುತ್ತೆ. 2016ರ ಆಗಸ್ಟಿನಲ್ಲಿ ಈ ಮಾರ್ಕೆಟ್ಟಿನ ಒಂದು ಭಾಗ ಕುಸಿಯಿತು. ಅದಕ್ಕೆ ನಾಲ್ಕು ವರ್ಷ ಮುಂಚೆ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದಾಗ ಜನ ಸತ್ತಿದ್ದರು. ಕೆಡವಿ ಕಟ್ಟಬೇಕಾ, ಹಾಗೇ ದುರಸ್ತಿ ಮಾಡಬೇಕಾ ಅಂತ ವರ್ಷಗಟ್ಟಲೆ ವಾದ ನಡೆದಿದೆ. ಉಳಿಯಲಿ ಅಂತಲೇ ನನ್ನ ಆಸೆ. ಆದರೆ ಬೆಳಗಿನಿಂದ ರಾತ್ರಿವರೆಗೆ ಆ ಚಾವಣಿ ಕೆಳಗೆ ಕೂರುವವಳು ನಾನಲ್ಲವಲ್ಲ.

ಚಿಕ್ಕ ಗಡಿಯಾರದ ಕಟ್ಟೆ ಮೇಲೆ ಐದು ನಿಮಿಷ ಕೂತು, ಮನೆಗೆ ಬಂದೆ.

ಊಟ ಆದಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಮೊಬೈಲು ಇಸ್ಕೊಂಡರು. ಕುಂಕುಮದ ಬೆಟ್ಟಗಳನ್ನು ಒಂದು ಸೆಕೆಂಡಿನಲ್ಲಿ ಸರಿಸಿಬಿಟ್ಟರು. ಎಲೆ ಅಜ್ಜನ ಫೋಟೋ ಬಂದಾಗ ನಾನು ಹತ್ತಿರ ಸರಿದು ಕೂತೆ. ಆ ಹೆಬ್ಬೆರಳು ನೋಡಲಿ ಅಂತ. ಅವರು ಅಜ್ಜನನ್ನು ಬಿಟ್ಟು ಹಿಂದೆ ಮಸುಕಾಗಿ ಕಾಣುತ್ತಿದ್ದ ಮುಚ್ಚಿದ ಬಾಗಿಲನ್ನು ಹಿಗ್ಗಿಸಿದರು.

"ಇದ್ಯಾಕೆ ಬಾಗಿಲು ಹಾಕಿದೆ? ಕೇಳಿದ್ಯಾ?"

"ಇಲ್ಲಪ್ಪಾ. ನಂಗೇನು ಗೊತ್ತು?"

"ಭಾನುವಾರ ಬಾಗಿಲು ಹಾಕೋನಲ್ಲ ಅವನು."

ಆಮೇಲೆ ಬದನೆಕಾಯಿ. ನೇರಳೆ ಬಣ್ಣದ ಮೇಲೆ ಬಿಸಿಲು ಬಿದ್ದು ಮಿರುಗುತ್ತಿತ್ತು, ಅವತ್ತಿನ ಫೋಟೋಗಳಲ್ಲಿ ನನಗೆ ಅದೇ ಇಷ್ಟ. ಅಪ್ಪ ಬಲಗಡೆ ಮೂಲೆಗೆ ಬೆರಳಿಟ್ಟರು. ಅಲ್ಲಿ ಅರ್ಧ ಕತ್ತರಿಸಿಹೋದ ಬುಟ್ಟಿಯೊಂದರಲ್ಲಿ ಹಸಿರು ಕಾಯಿಗಳಿದ್ದವು.

"ಅಲ್ಲಮ್ಮಾ, ಇದು ಈರನಗೆರೆ ಬದನೆಕಾಯಿ! ಇದನ್ನ ಬಿಟ್ಟು ಆ ನೇರಳೇದನ್ನ ತೆಗೆದಿದೀಯಲ್ಲ. ಹೋಗ್ಲಿ, ಅರ್ಧ ಕೆಜಿ ತರಬಾರದಿತ್ತಾ?"

ಫೋಟೋಕ್ಕೆ ಹೋದವಳು ತರಕಾರಿ ತರಬೇಕು ಅಂತ ಯಾರು ಹೇಳಿದ್ದರು? ಅಮ್ಮ ಒಳಗಿನಿಂದಲೇ, "ನಿಂಬೆಹಣ್ಣು ಏನು ರೇಟು ಹಾಕಿದಾರೆ ನೋಡಿ" ಅಂದರು. ಅಪ್ಪ ಹಿಂದಕ್ಕೆ ಸರಿಸಿ, ರಟ್ಟಿನ ಮೇಲೆ ಬರೆದ ರೇಟನ್ನು ಹುಡುಕಿ ಓದಿಯೂ ಬಿಟ್ಟರು. ನನ್ನ ಕಣ್ಣಿಗೆ ಆ ರಟ್ಟು ಬಿದ್ದೇ ಇರಲಿಲ್ಲ. ಹೀಗೇ ಒಂದು ಗಂಟೆ ನಡೆಯಿತು. ಅಲುಗಿಹೋದ ಸೇವಂತಿಗೆ ಫೋಟೋದಲ್ಲೂ ಅವರಿಗೆ ಪರಿಚಯದ ಬೆನ್ನೊಂದು ಸಿಕ್ಕಿತು.

ಕೊನೆಗೆ ಉಳಿದಿದ್ದು ದೊಡ್ಡ ಗಡಿಯಾರ. ಕನ್ನಡ ಅಂಕಿಯ ವಿಷಯ ನಾನು ಉತ್ಸಾಹದಿಂದ ಹೇಳಿದೆ. "ಇನ್ಯಾವ ಅಂಕಿ ಇರಬೇಕಿತ್ತು?" ಅಂದರು. ಎರಡು ಬೆರಳಲ್ಲಿ ಮುಳ್ಳನ್ನು ದೊಡ್ಡದು ಮಾಡಿಕೊಂಡು ನೋಡಿದರು.

"ಎಷ್ಟೊತ್ತಿಗೆ ಹೊರಟೆ ಮನೆಯಿಂದ?"

"ಒಂಬತ್ತಕ್ಕೆ."

"ಬಸ್ಸು ಅರ್ಧ ಗಂಟೆ. ಇಲ್ಲಿ ಹತ್ತೂಮುಕ್ಕಾಲು ತೋರಿಸ್ತಿದೆ. ಮಾರ್ಕೆಟ್ಟಿಗೆ ಇನ್ನೂ ಹೋಗೇ ಇಲ್ಲ."

ನಾನು ಮಾತಾಡಲಿಲ್ಲ. ಅಪ್ಪ ಅಡುಗೆಮನೆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಮಸಾಲೆನಾ, ಸೆಟ್ಟಾ?"