ಟೇಬಲ್ ಕೆಳಗಿನ ಒಂದು ಸಾಲು

ಜರ್ನಲ್‌ಗೆ ಪೇಪರ್ ಕಳಿಸುವ ಹಿಂದಿನ ದಿನ ಸಂಜೆ ನಾನು ತೀರಾ ಬೇಸರದ ಕೆಲಸವೊಂದನ್ನು ಮಾಡುತ್ತಾ ಕೂತಿದ್ದೆ. ಕಲ್ಲುಗಳ ರಾಸಾಯನಿಕ ವಿಶ್ಲೇಷಣೆಯ ಟೇಬಲನ್ನು ಅವರ ನಮೂನೆಗೆ ಹೊಂದಿಸುವುದು. ದಶಾಂಶ ಸ್ಥಾನಗಳನ್ನು ಒಂದೇ ಸಮ ಮಾಡಿದೆ, ಉದ್ದುದ್ದ ಗೆರೆಗಳನ್ನು ತೆಗೆದೆ, ಮಾದರಿ ಸಂಖ್ಯೆಗಳನ್ನು ಸರಿಪಡಿಸಿದೆ. ಉಳಿದದ್ದು ಕೊನೆಯ ಸೂಚನೆ: ಒಟ್ಟು ಕಬ್ಬಿಣವನ್ನು ಫೆರಸ್ ಆಕ್ಸೈಡ್ ಆಗಿ ಕೊಟ್ಟಿದ್ದೀರೋ, ಫೆರಿಕ್ ಆಕ್ಸೈಡ್ ಆಗಿ ಕೊಟ್ಟಿದ್ದೀರೋ, ಟೇಬಲ್ ಕೆಳಗೆ ತಿಳಿಸಿ. ಒಂದು ಸಾಲು ಬರೆದು ಮನೆಗೆ ಹೊರಡೋಣ ಅಂತ ಲ್ಯಾಬ್ ವರದಿ ತೆರೆದೆ. ಆ ರಾತ್ರಿ ಮನೆ ಸೇರಿದ್ದು ಹನ್ನೊಂದಕ್ಕೆ. ಪೇಪರ್ ಹೋದದ್ದು ಎರಡೂವರೆ ತಿಂಗಳ ಮೇಲೆ.

ಭೂವಿಜ್ಞಾನದ ಸಂಶೋಧನಾ ತಂಡವೊಂದರಲ್ಲಿ ಪೇಪರ್‌ಗಳನ್ನು ಸಜ್ಜು ಮಾಡಿ ಕಳಿಸುವುದು ನನ್ನ ಕೆಲಸ. ಕಲ್ಲು ಒಡೆದು ತರುವವರು ಬೇರೆ, ಬರೆಯುವವರು ಬೇರೆ. ಟೇಬಲ್, ಫಿಗರ್, ಕ್ಯಾಪ್ಷನ್, ಉಲ್ಲೇಖ ಪಟ್ಟಿ, ಕವರ್ ಲೆಟರ್ ನನ್ನ ಪಾಲಿಗೆ. "ಫಾರ್ಮ್ಯಾಟಿಂಗ್ ತಾನೇ, ಕೊನೇಲಿ ಮಾಡಿದ್ರಾಯ್ತು" ಅನ್ನುವುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು. ನಾನೂ ಹಾಗೇ ತಿಳಿದಿದ್ದೆ. ಮದುವೆಗೆ ಹೊರಡುವ ಮುಂಚೆ ಇಸ್ತ್ರಿ ಹಾಕಿಕೊಳ್ಳುವ ಹಾಗೆ.

ಆ ಪೇಪರ್ ಬಸಾಲ್ಟಿನ ಡೈಕುಗಳ, ಅಂದರೆ ನೆಲದ ಬಿರುಕುಗಳಲ್ಲಿ ಶಿಲಾರಸ ತುಂಬಿ ಗಟ್ಟಿಯಾದ ಕಪ್ಪು ಕಲ್ಲಿನ ಗೋಡೆಗಳ ಕುರಿತಾದದ್ದು. ಅರ್ಧ ಮಾದರಿಗಳ ವಿಶ್ಲೇಷಣೆ ಕೆಲವು ವರ್ಷ ಹಿಂದೆ ಒಂದು ಲ್ಯಾಬಿನಲ್ಲಿ ಆಗಿತ್ತು, ಉಳಿದರ್ಧ ಹೊಸದಾಗಿ ಇನ್ನೊಂದರಲ್ಲಿ. ಪ್ಲಾಟ್ ಹಾಕಿದಾಗ ಎರಡು ಗುಂಪು ಎದ್ದು ಕಂಡವು. ಮೆಗ್ನೀಸಿಯಂ ಆಕ್ಸೈಡ್ ಎರಡರಲ್ಲೂ ಸುಮಾರು 7 ಶೇಕಡ, ಕಬ್ಬಿಣ ಮಾತ್ರ ಒಂದರಲ್ಲಿ 11.0, ಇನ್ನೊಂದರಲ್ಲಿ 12.2ರ ಆಸುಪಾಸು. ಮೆಗ್ನೀಸಿಯಂ ಅಷ್ಟೇ ಇದ್ದು ಕಬ್ಬಿಣ ಹೆಚ್ಚಾದರೆ ಶಿಲಾರಸ ಹೆಚ್ಚು ಆಳದಲ್ಲಿ ಕರಗಿ ಹುಟ್ಟಿರಬಹುದು ಎಂಬ ವಾದಕ್ಕೆ ಒಳ್ಳೆಯ ಆಧಾರವಿದೆ. ಅದನ್ನೇ ಹಿಡಿದು ಎರಡು ಪುಟ ಚರ್ಚೆ ಬರೆದಾಗಿತ್ತು: ಎರಡು ಕಂತಿನಲ್ಲಿ ಬಂದ ಶಿಲಾರಸ, ಎರಡು ಬೇರೆ ಆಳ. ಓದಲು ಚೆನ್ನಾಗಿತ್ತು ಕೂಡ.

ಹಳೆಯ ಲ್ಯಾಬಿನ ವರದಿಯ ಮೊದಲ ಪುಟದಲ್ಲಿ ಫೆರಸ್ ಅಂತ ಇತ್ತು. ಹೊಸದರಲ್ಲಿ ಫೆರಿಕ್. ಎರಡು ಹಾಳೆಗಳನ್ನು ಒಂದರ ಕೆಳಗೊಂದು ಅಂಟಿಸಿ, ಎಲ್ಲಕ್ಕೂ ಸೇರಿ ಒಂದೇ ಶೀರ್ಷಿಕೆ ಉಳಿಸಿಕೊಂಡವನು ನಾನೇ. ಕಾಲಂಗಳ ಕ್ರಮ ಒಂದೇ ಇತ್ತು, ಹೆಸರು ನೋಡಲಿಲ್ಲ. ಕಬ್ಬಿಣ ಅಷ್ಟೇ ಇದ್ದರೂ ಫೆರಿಕ್‌ನಲ್ಲಿ ಆಮ್ಲಜನಕ ಹೆಚ್ಚು, ಹಾಗಾಗಿ ಅಂಕಿಯೂ ದೊಡ್ಡದು. ಫೆರಿಕ್ ಆಕ್ಸೈಡಿನ ಅಂಕಿಯನ್ನು 0.8998ರಿಂದ ಗುಣಿಸಿದರೆ ಫೆರಸ್ ಆಕ್ಸೈಡಿನ ಅಂಕಿ ಸಿಗುತ್ತದೆ. 12.2ನ್ನು ಗುಣಿಸಿ ನೋಡಿದೆ. 10.98.

ಕಾಲಂಗಳ ಮೊತ್ತವನ್ನು ನಾನು ಮೊದಲೇ ಪರೀಕ್ಷಿಸಿದ್ದೆ, ಎಲ್ಲವೂ 100ರ ಹತ್ತಿರವೇ ಇದ್ದವು. ಇರಲೇಬೇಕಲ್ಲ, ಪ್ರತಿ ಲ್ಯಾಬೂ ತನ್ನ ರೂಪದಲ್ಲಿ ಕೂಡಿಸಿಯೇ ಮೊತ್ತ ಕೊಟ್ಟಿರುತ್ತದೆ. ಅನುಮಾನ ಬರಬೇಕಾಗಿದ್ದುದು ಬೇರೆ ಕಡೆ: ಎರಡು ಗುಂಪಿನ ಟೈಟೇನಿಯಂ ಒಂದೇ, ವಿರಳ ಧಾತುಗಳ ಸ್ವರೂಪ ಒಂದೇ, ಕಬ್ಬಿಣ ಒಂದೇ ಒಂದು ಬೇರೆ. ಅದಕ್ಕೂ ನಾವು ಒಂದು ಪ್ಯಾರಾ ಸಮಜಾಯಿಷಿ ಬರೆದಿದ್ದೆವು!

ಮರುದಿನ ಬೆಳಗ್ಗೆ ತಂಡದ ಮುಖ್ಯಸ್ಥೆಯ ಕೋಣೆಗೆ ಹೋದೆ.

"ಮೇಡಂ, ಆ ಎರಡು ಗುಂಪು ಇಲ್ಲ ಅನ್ಸುತ್ತೆ."

"ಇಲ್ಲ ಅಂದ್ರೆ?"

ಲ್ಯಾಪ್‌ಟಾಪ್ ತಿರುಗಿಸಿ ಹೊಸ ಪ್ಲಾಟ್ ತೋರಿಸಿದೆ. ಚುಕ್ಕೆಗಳೆಲ್ಲ ಒಂದರ ಮೇಲೊಂದು ಕೂತಿದ್ದವು. ಮೆಗ್ನೀಸಿಯಂ ಸಂಖ್ಯೆ (ಕಬ್ಬಿಣದ ಎದುರು ಮೆಗ್ನೀಸಿಯಂ ಎಷ್ಟಿದೆ ಎಂಬ ಲೆಕ್ಕ) 50.6 ಅಂತ ಬರೆದಿದ್ದ ಕಡೆ 53 ಬಂದಿತ್ತು, ಹಳೆಯ ಗುಂಪಿನಷ್ಟೇ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಡಿಸ್ಕಷನ್ ಅರ್ಧ ಹೋಯ್ತಲ್ಲ" ಅಂದರು. ಬೈಯಲಿಲ್ಲ. ಬೈದಿದ್ದರೆ ಆ ವಾರ ಸ್ವಲ್ಪ ಹಗುರಾಗಿರುತ್ತಿತ್ತೇನೋ.

ಅಂದಿನಿಂದ ನನ್ನ ಕೆಲಸದ ಕ್ರಮವೇ ತಿರುವುಮುರುವಾಯಿತು. ಟೇಬಲ್ ಈಗ ಮೊದಲು. ಬರವಣಿಗೆ ಶುರುವಾಗುವ ಮುಂಚೆ, ಪ್ಲಾಟ್ ಹಾಕುವುದಕ್ಕೂ ಮುಂಚೆ, ಅಡಿಟಿಪ್ಪಣಿಗಳ ಸಮೇತ ಟೇಬಲ್ ಮುಗಿದಿರಬೇಕು. ಜರ್ನಲ್‌ನವರು ಕೇಳುವ ಪ್ರತಿ ಸಣ್ಣ ವಿವರದ ಹಿಂದೆ ಯಾರೋ ಎಂದೋ ಮಾಡಿದ ತಪ್ಪೊಂದು ಇದ್ದೇ ಇರುತ್ತದೆ ಎಂದುಕೊಂಡು ಸೂಚನೆಗಳನ್ನು ಓದತೊಡಗಿದೆ.

ವಯಸ್ಸಿನ ಅಂಕಿಗಳನ್ನೇ ನೋಡಿ. ದೊಡ್ಡ ಎಂ, ಚಿಕ್ಕ ಎ ಬರೆದರೆ 'ಇಂದಿಗೆ ಇಷ್ಟು ಮಿಲಿಯನ್ ವರ್ಷದ ಹಿಂದೆ' ಎಂದರ್ಥ. ಒಂದು ಘಟನೆ ಎಷ್ಟು ಕಾಲ ನಡೆಯಿತು ಎನ್ನಲು ಬಹುಪಾಲು ಜರ್ನಲ್‌ಗಳು ಬೇರೆ ಸಂಕ್ಷೇಪ ಬಳಸಿ ಅನ್ನುತ್ತವೆ. ನಾನಿದನ್ನು ಮಡಿವಂತಿಕೆ ಎಂದುಕೊಂಡಿದ್ದೆ, 'ಜ್ವಾಲಾಮುಖಿ ಚಟುವಟಿಕೆ 66' ಎಂದು ಬರೆದು ಮುಂದೆ ಆ ಎಂ, ಎ ಹಾಕಿದ್ದ ವಾಕ್ಯವೊಂದನ್ನು ನಮ್ಮ ತಂಡದವರೇ ಎರಡು ಥರ ಓದುವವರೆಗೆ. ಡೈನೊಸಾರ್‌ಗಳ ಕಾಲವಾದ ಕ್ರಿಟೇಶಿಯಸ್‌ಗೆ ಹಾಕುವ ಲೋವರ್, ಅರ್ಲಿ ಎಂಬ ವಿಶೇಷಣಗಳ ಕಥೆಯೂ ಅದೇ. ಲೋವರ್ ಅನ್ನುವುದು ಪದರಕ್ಕೆ, ಅರ್ಲಿ ಅನ್ನುವುದು ಕಾಲಕ್ಕೆ. ಕಲ್ಲು ಕೆಳಗಿರುತ್ತದೆ, ಕಾಲ ಮೊದಲಿರುತ್ತದೆ. 'ಲೋವರ್ ಕ್ರಿಟೇಶಿಯಸ್‌ನಲ್ಲಿ ಡೈನೊಸಾರ್ ಬದುಕಿತ್ತು' ಎಂದು ಬರೆದರೆ ಅದು ಕಲ್ಲಿನೊಳಗೆ ಬದುಕಿತ್ತು ಅಂದ ಹಾಗೆ.

ವಯಸ್ಸಿನ ಮುಂದೆ ಬರೀ ಪ್ಲಸ್-ಮೈನಸ್ ಅಂಕಿ ಹಾಕಿ ಬಿಡುವವರು ಇನ್ನೂ ಇದ್ದಾರೆ. ಅದು 1 ಸಿಗ್ಮಾನೋ 2 ಸಿಗ್ಮಾನೋ (ಸಿಗ್ಮಾ ಅಂದರೆ ಅನಿಶ್ಚಿತತೆಯ ಅಳತೆ) ಹೇಳದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಎರಡು ವಯಸ್ಸುಗಳು ಒಂದೇ ಎನ್ನುವುದೂ ಬೇರೆ ಎನ್ನುವುದೂ ಅದರ ಮೇಲೆಯೇ ನಿಂತಿರುತ್ತದೆ. ಕಲ್ಲಿನ ವಯಸ್ಸು ಅಳೆಯುವ ಆರ್ಗಾನ್-ಆರ್ಗಾನ್ ವಿಧಾನದಲ್ಲಾದರೆ ಹೋಲಿಕೆಗೆ ಯಾವ ಮಾನಕ ಬಳಸಿದ್ದೀರಿ, ಅದಕ್ಕೆ ಯಾವ ವಯಸ್ಸು ಹಿಡಿದಿದ್ದೀರಿ ಎಂಬುದೂ ಬೇಕು. ಫಿಶ್ ಕ್ಯಾನ್ಯನ್ ಸ್ಯಾನಿಡೀನ್ ಎಂಬ ಮಾನಕ ಖನಿಜಕ್ಕೆ 1998ರ ಲೆಕ್ಕ 28.02 ಮಿಲಿಯನ್ ವರ್ಷ, 2008ರ ಲೆಕ್ಕ 28.201. ನೋಡಲು ಕೂದಲೆಳೆಯ ವ್ಯತ್ಯಾಸ. ಆದರೆ 66 ಮಿಲಿಯನ್ ವರ್ಷದ ಕಲ್ಲಿಗೆ ಬಂದಾಗ ಸರಿಸುಮಾರು 4 ಲಕ್ಷ ವರ್ಷ ಆಚೀಚೆಯಾಗುತ್ತದೆ. ಒಂದು ಹಳೆಯ ಪೇಪರಿನ ವಯಸ್ಸನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು 'ಎರಡು ಘಟ್ಟ' ಎಂದು ಘೋಷಿಸುವ ಮುಂಚೆ ಇದನ್ನು ನೋಡದಿದ್ದರೆ ನಮ್ಮ ಕಬ್ಬಿಣದ ಗತಿಯೇ.

ಫಿಗರ್‌ಗಳ ವಿಷಯದಲ್ಲಿ ನನ್ನ ಜಗಳ ಹೆಚ್ಚಾಗಿ ಅಳತೆಯ ಬಗ್ಗೆ. 'ಸ್ಕೇಲ್ 1:50,000' ಎಂದು ನಕ್ಷೆಯ ಮೂಲೆಯಲ್ಲಿ ಬರೆದುಕೊಂಡು ಬರುತ್ತಾರೆ. ಆ ನಕ್ಷೆ ಜರ್ನಲ್ ಪುಟದಲ್ಲಿ ಕುಗ್ಗಿದ ಕೂಡಲೇ ಅದು ಸುಳ್ಳು. ಅಳತೆಯ ಪಟ್ಟಿ ಹಾಕಿದರೆ ಚಿತ್ರದ ಜೊತೆಗೇ ಅದೂ ಕುಗ್ಗುತ್ತದೆ. ಸೂಕ್ಷ್ಮದರ್ಶಕದ ಫೋಟೋಗೆ '10 ಪಟ್ಟು' ಎಂದು ಬರೆಯುವುದಕ್ಕೂ ಇದೇ ಉತ್ತರ. ಜೊತೆಗೆ ಅದು ಒಂದೇ ಧ್ರುವಕದಲ್ಲಿ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಶೋಧಕ) ತೆಗೆದದ್ದೋ ಅಡ್ಡ ಧ್ರುವಕಗಳಲ್ಲೋ ಎಂದು ಕ್ಯಾಪ್ಷನ್ನಿನಲ್ಲಿ ಹೇಳಿ. ಎಲ್ಸೆವಿಯರ್ ಪ್ರಕಾಶನದ ಜರ್ನಲ್‌ಗಳಲ್ಲಿ ಒಂದು ಕಾಲಂ ಅಗಲ 90 ಮಿಲಿಮೀಟರ್, ಇಡೀ ಪುಟದ ಅಗಲ 190. ನಾನು ಈಗ ಪ್ರತಿ ಫಿಗರನ್ನೂ 90 ಮಿಲಿಮೀಟರಿಗೆ ಪ್ರಿಂಟ್ ತೆಗೆದು, ಬರೆದವರ ಕೈಗೇ ಕೊಟ್ಟು, "ಆ ಊರಿನ ಹೆಸರು ಓದಿ ನೋಡೋಣ" ಅನ್ನುತ್ತೇನೆ. ವಾದ ಅಲ್ಲಿಗೆ ಮುಗಿಯುತ್ತದೆ.

ನಕ್ಷೆಗೆ ಬಳಿಯುವ ಕಾಮನಬಿಲ್ಲಿನ ಬಣ್ಣಗಳ ವಿಷಯಕ್ಕೆ ಮಾತ್ರ ವಾದ ಮುಗಿಯುವುದಿಲ್ಲ, ಎಲ್ಲರಿಗೂ ಅದು ಚೆಂದ. ಆದರೆ ಹಳದಿ ಬರುವಲ್ಲಿ ಕಣ್ಣಿಗೆ ಇಲ್ಲದ ಅಂಚೊಂದು ಕಾಣುತ್ತದೆ, ಗುರುತ್ವದ ನಕ್ಷೆಯಲ್ಲಿ ಆ ಅಂಚನ್ನೇ ಸ್ತರಭಂಗ (ಕಲ್ಲಿನ ಪದರಗಳು ಒಡೆದು ಜರುಗಿದ ಬಿರುಕು) ಎಂದುಕೊಳ್ಳುವ ಅಪಾಯವಿದೆ. ಭೂವಿಜ್ಞಾನಿ ಫ್ಯಾಬಿಯೊ ಕ್ರಾಮೆರಿ ಅವರ 'ಬ್ಯಾಟ್ಲೋ' ಮುಂತಾದ ಬಣ್ಣದ ಶ್ರೇಣಿಗಳು ಉಚಿತವಾಗಿ ಸಿಗುತ್ತವೆ, ಬಣ್ಣಗುರುಡು ಇರುವವರಿಗೂ ಓದಲು ಬರುತ್ತವೆ.

ಎಕ್ಸೆಲ್ ಬಗ್ಗೆ ಬರೆಯಲು ಕೂತರೆ ಇದು ಮುಗಿಯುವುದಿಲ್ಲ. ಎರಡೇ ಮಾತು. ಎಂ-ಎ-ಆರ್ ಎಂದು ಶುರುವಾಗಿ ಅಡ್ಡಗೆರೆ, 7 ಎಂದಿದ್ದ ಮಾದರಿಯೊಂದನ್ನು ಅದು ಮಾರ್ಚ್ 7 ಮಾಡಿಬಿಟ್ಟಿತ್ತು. 2.50 ಅನ್ನು 2.5 ಮಾಡುವುದಂತೂ ದಿನನಿತ್ಯದ ಮಾತು, ಆ ಸೊನ್ನೆಯೊಂದಿಗೆ ಅಳತೆಯ ನಿಖರತೆಯ ಮಾಹಿತಿಯೂ ಹೋಗುತ್ತದೆ. ಹಾಳೆಗೆ ಅಂಕಿ ಹಾಕುವ ಮುಂಚೆ ಮಾದರಿ ಸಂಖ್ಯೆಯ ಕಾಲಮ್ಮನ್ನು 'ಟೆಕ್ಸ್ಟ್' ಎಂದು ಹೊಂದಿಸಿಡಿ.

ಇನ್ನು ನಾನು ವ್ಯರ್ಥ ಮಾಡಿದ ಸಮಯ. ಉಲ್ಲೇಖ ಪಟ್ಟಿಯ ಅಲ್ಪವಿರಾಮಗಳಿಗೆ ಎರಡೆರಡು ದಿನ ಸುರಿದಿದ್ದೇನೆ. ಅನೇಕ ಜರ್ನಲ್‌ಗಳು ಮೊದಲ ಸಲ ಕಳಿಸುವಾಗ ಯಾವ ಶೈಲಿಯಾದರೂ ಸರಿ, ಒಂದೇ ಥರ ಇದ್ದರೆ ಸಾಕು ಅನ್ನುತ್ತವೆ. ಸಾಫ್ಟ್‌ವೇರ್ ಮಾಡಲಿ ಬಿಡಿ. ಪದಮಿತಿಯನ್ನು ಮಾತ್ರ ಮೊದಲೇ ನೋಡಿ. ಅಮೆರಿಕನ್ ಜಿಯೋಫಿಸಿಕಲ್ ಯೂನಿಯನ್ನಿನ ಜರ್ನಲ್‌ಗಳಲ್ಲಿ ಪೇಪರಿನ ಉದ್ದವನ್ನು ಯೂನಿಟ್‌ಗಳಲ್ಲಿ ಎಣಿಸುತ್ತಾರೆ: 500 ಪದಕ್ಕೆ ಒಂದು ಯೂನಿಟ್, ಒಂದು ಫಿಗರಿಗೂ ಒಂದು, ಒಂದು ಟೇಬಲಿಗೂ ಒಂದು. ಆರು ಫಿಗರ್ ಇಟ್ಟರೆ 3,000 ಪದ ಕೈಬಿಟ್ಟಂತೆ. ಮುಖ್ಯಾಂಶ ಮೂರೇ, ಒಂದೊಂದೂ 140 ಅಕ್ಷರದೊಳಗೆ. ನಾನು ಈ ಮೂರನ್ನು ಬರೆದವರಿಂದ ಮೊದಲೇ ಕೇಳಿ ಪಡೆಯುತ್ತೇನೆ. 140 ಅಕ್ಷರದಲ್ಲಿ ಹೇಳಲು ತಡಕಾಡುವವರ ಪೇಪರ್ ಇನ್ನೂ ಬೆಂದಿರುವುದಿಲ್ಲ. ದತ್ತಾಂಶದ ವಿಷಯದಲ್ಲಿ 'ಕೇಳಿದರೆ ಕೊಡುತ್ತೇವೆ' ಎಂಬ ಮಾತು ಆ ಜರ್ನಲ್‌ಗಳಲ್ಲಿ ನಡೆಯುವುದಿಲ್ಲ. ದತ್ತಾಂಶ ಇಡುವ ಆನ್‌ಲೈನ್ ಭಂಡಾರವಾದ ಝೆನೋಡೋದಲ್ಲಿ ಡಿಒಐ ಸಂಖ್ಯೆಯನ್ನು (ಕಡತದ ಶಾಶ್ವತ ಗುರುತು) ಮುಂಗಡವಾಗಿ ಕಾದಿರಿಸಿಕೊಂಡು ಪೇಪರಿನಲ್ಲಿ ಹಾಕಬಹುದು, ಕಡತವನ್ನು ಆಮೇಲೆ ಪ್ರಕಟಿಸಿದರಾಯ್ತು.

ಡೈಕುಗಳ ಪೇಪರ್ ಎರಡು ಪುಟ ಕಡಿಮೆಯಾಗಿ, ಒಂದೇ ಶಿಲಾರಸದ ಕಥೆಯಾಗಿ ಹೋಯಿತು, ಅಚ್ಚೂ ಆಯಿತು. ಅದರ ಟೇಬಲ್ ಕೆಳಗೆ 'ಒಟ್ಟು ಕಬ್ಬಿಣ ಫೆರಸ್ ಆಕ್ಸೈಡ್ ಆಗಿ. ಎರಡನೆಯ ಗುಂಪಿನ ಮಾದರಿಗಳನ್ನು ಫೆರಿಕ್‌ನಿಂದ ಪರಿವರ್ತಿಸಲಾಗಿದೆ' ಎಂಬರ್ಥದ ಒಂದು ಸಾಲಿದೆ. ಈಗ ಕಾಡುತ್ತಿರುವುದು ಇನ್ನೊಂದು. ನಾನು ಸೇರುವ ಮುಂಚೆ ಇದೇ ತಂಡದಿಂದ ಹೋದ ಪೇಪರೊಂದರ ಟೇಬಲ್‌ನಲ್ಲಿ ಬರೀ ಫೆರಸ್ ಆಕ್ಸೈಡ್ ಎಂದಿದೆ, ಅಡಿಟಿಪ್ಪಣಿ ಇಲ್ಲ, ಮೂಲ ವರದಿಯೂ ಸಿಗುತ್ತಿಲ್ಲ. ಅಂಕಿಗಳು ನಮ್ಮ ಹೊಸ ಮಾದರಿಗಳಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಹೆಚ್ಚಿವೆ. ಆಗ ವಿಶ್ಲೇಷಣೆ ಮಾಡಿಸಿದವರಿಗೆ ಮೇಲ್ ಬರೆದು ಮೂರು ವಾರವಾಯಿತು. ಉತ್ತರ ಬರುವವರೆಗೆ ಆ ಚುಕ್ಕೆಗಳನ್ನು ಪ್ಲಾಟ್‌ಗೆ ಸೇರಿಸಿಲ್ಲ.