ವಿಪ್ ಬಂದ ಮೇಲೆ ಮಾತೆಲ್ಲಿ?

ಹೊಸದಾಗಿ ಗೆದ್ದ ಶಾಸಕರ ಬಗ್ಗೆ ಮಂಡ್ಯದ ಟೀ ಅಂಗಡಿಗಳಲ್ಲಿ ಒಂದೇ ಮಾತು: 'ನಮ್ಮ ಹುಡುಗ, ಸದನದಲ್ಲಿ ಗುಡುಗ್ತಾನೆ ಬಿಡಿ.' ಗುಡುಗೋದಕ್ಕೆ ಬಿಡಬೇಕಲ್ವಾ? 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ, ಪಕ್ಷದ ವಿಪ್ (ಅಂದರೆ ಸದನದಲ್ಲಿ ಹೀಗೇ ಮತ ಹಾಕಿ ಅನ್ನೋ ಆದೇಶ) ಮೀರಿ ಮತ ಹಾಕಿದರೆ ಶಾಸಕ ಸ್ಥಾನವೇ ಹೋಗಬಹುದು. ಸರ್ಕಾರ ಉಳಿಸುವ ಮತಕ್ಕೆ ಈ ಹಗ್ಗ ಸರಿ ಅನ್ನೋಣ. ಕಬ್ಬು ಬೆಳೆಗಾರರ ಮಸೂದೆ ಬಂದರೂ ಅದೇ ಹಗ್ಗ ಯಾಕೆ? ಸಾಲದ್ದಕ್ಕೆ ಮುಂದಿನ ಸಲದ ಬಿ ಫಾರಂ, ಅಂದರೆ ಪಕ್ಷದ ಟಿಕೆಟ್ ಕೂಡ ನಾಯಕರ ಕೈಯಲ್ಲೇ.

ದುಡ್ಡಿನ ಕತೆ ಇನ್ನೂ ಚೆಂದ. ನಮ್ಮಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿಗೆ 40 ಲಕ್ಷ ರೂಪಾಯಿ ಮಿತಿ ಇದೆ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. (ಬಾಡೂಟಗಳು ಯಾವ ಲೆಕ್ಕಕ್ಕೆ ಹೋಗುತ್ತವೋ, ಆ ಮಾದಪ್ಪನೇ ಬಲ್ಲ!) ಪಕ್ಷಕ್ಕೆ ಅಷ್ಟು ದುಡ್ಡು ಸುರಿದವರು ಸುಮ್ನೆ ಇರುತ್ತಾರಾ? ಗೆದ್ದ ಮಾರನೇ ದಿನವೇ ಗುತ್ತಿಗೆ ಕೇಳಿಕೊಂಡು ಬರುತ್ತಾರೆ.