ಕರೆ ಮಾಡಿದರೆ ಮೇಲಧಿಕಾರಿಗೆ ಗೊತ್ತಾಗುತ್ತದೆಯೇ?

ನನಗೆ ಬರುವ ಕರೆಗಳಲ್ಲಿ ಬಹುಪಾಲು ಈ ಪ್ರಶ್ನೆಯಿಂದಲೇ ಶುರುವಾಗುತ್ತವೆ. ನಿದ್ರೆ ಕೆಟ್ಟಿರುವುದು, ಎದೆ ಡವಗುಟ್ಟುವುದು, ಮನೆಗೆ ಹೋಗಿ ಮಕ್ಕಳ ಮೇಲೆ ರೇಗುವುದು ಎಲ್ಲ ಆಮೇಲೆ ಬರುತ್ತವೆ. ಹೆಸರು ಹೇಳುವುದಕ್ಕೂ ಮೊದಲು ದನಿ ತಗ್ಗಿಸಿ ಕೇಳುವುದು ಇಷ್ಟೇ: "ನಾನು ಮಾತನಾಡಿದ್ದು ಆಫೀಸಿಗೆ ತಿಳಿಯುತ್ತದೆಯೇ?"

ನಾನು ಆಪ್ತಸಮಾಲೋಚಕಿ. ಸಂಸ್ಥೆಗಳು ತಮ್ಮ ಸಿಬ್ಬಂದಿಗಾಗಿ ಹಣ ಕೊಟ್ಟು ಏರ್ಪಡಿಸುವ ನೌಕರರ ನೆರವು ಕಾರ್ಯಕ್ರಮದಲ್ಲಿ ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಎಲ್ಲರೂ ಇದನ್ನು ಇಎಪಿ (ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ) ಎಂದೇ ಕರೆಯುತ್ತಾರೆ. ಕೆಲಸಕ್ಕೆ ಸೇರಿದ ದಿನ ಕೊಡುವ ಕಾಗದದ ಕಟ್ಟಿನಲ್ಲಿ ಇದರದೊಂದು ಹಾಳೆ ಇರುತ್ತದೆ, ಲಿಫ್ಟಿನ ಪಕ್ಕದ ಗೋಡೆಯ ಮೇಲೆ ನಂಬರ್ ಇರುತ್ತದೆ. ಆದರೂ ಇದನ್ನು ಬಳಸುವವರ ಪ್ರಮಾಣ ಹೆಚ್ಚಿನ ಸಂಸ್ಥೆಗಳಲ್ಲಿ ವರ್ಷಕ್ಕೆ ಶೇ. 10ನ್ನೂ ಮುಟ್ಟುವುದಿಲ್ಲ. ಸಂಕೋಚವೂ ಕಾರಣವೇ, ಆದರೆ ನಾನು ಕಂಡಂತೆ ಅದಕ್ಕಿಂತ ದೊಡ್ಡದು ಅಪನಂಬಿಕೆ. ಸಂಬಳ ಕೊಡುವವರೇ ಈ ಸೇವೆಗೂ ದುಡ್ಡು ಕೊಡುತ್ತಿರುವಾಗ ಮಾತು ಅವರ ಕಿವಿಗೆ ಬೀಳದೆ ಇರುತ್ತದೆಯೇ? ಈ ಅನುಮಾನ ನ್ಯಾಯವಾದದ್ದು. ಅದಕ್ಕೆ ಬಿಡಿಸಿಯೇ ಉತ್ತರ ಕೊಡಬೇಕು.

ನಮ್ಮಿಂದ ಸಂಸ್ಥೆಗೆ ಹೋಗುವುದು ಮೂರು ತಿಂಗಳಿಗೊಂದು ವರದಿ. ಅದರಲ್ಲಿ ಹೆಸರಿಲ್ಲ, ಸಿಬ್ಬಂದಿ ಸಂಖ್ಯೆ ಇಲ್ಲ. ಎಷ್ಟು ಜನ ಕರೆ ಮಾಡಿದರು, ಅವರಲ್ಲಿ ಎಷ್ಟು ಜನರದು ಕೆಲಸದ ಹೊರೆ, ಎಷ್ಟು ಜನರದು ಸಂಸಾರದ ತೊಂದರೆ, ಎಷ್ಟು ಜನರದು ಸಾಲ ಎಂಬ ಒಟ್ಟು ಲೆಕ್ಕ ಮಾತ್ರ. ಹತ್ತು ಹನ್ನೆರಡು ಜನರಿರುವ ಸಣ್ಣ ಶಾಖೆಯಾದರೆ ಅಷ್ಟು ಹೇಳುವುದೂ ಅಪಾಯವೇ: "ಒಬ್ಬರು, ಕುಡಿತದ ಸಮಸ್ಯೆ" ಎಂದು ಬರೆದರೆ ಆ ಒಬ್ಬರು ಯಾರೆಂದು ಊಹಿಸಲು ಮಧ್ಯಾಹ್ನದ ಊಟದ ಹೊತ್ತು ಸಾಕು. ಆದ್ದರಿಂದ ಜವಾಬ್ದಾರಿಯುಳ್ಳ ಸೇವಾದಾರರು ಸಣ್ಣ ಗುಂಪುಗಳ ಅಂಕಿಗಳನ್ನು ಬಿಡಿಯಾಗಿ ಕೊಡುವುದಿಲ್ಲ. ನಿಮ್ಮ ಸಂಸ್ಥೆಯ ಸೇವಾದಾರರು ಹೇಗೆ ಮಾಡುತ್ತಾರೆಂದು ಮೊದಲ ಕರೆಯಲ್ಲೇ ಕೇಳಿ. ಕೇಳುವ ಹಕ್ಕು ನಿಮಗಿದೆ, ತಡವರಿಸದೆ ಉತ್ತರಿಸುವ ಹೊಣೆ ನಮಗಿದೆ.

ಗೋಪ್ಯತೆಗೆ ಹೊರತಾದ ಸಂದರ್ಭಗಳೂ ಇವೆ, ಅವನ್ನು ಮುಚ್ಚಿಟ್ಟು ನಂಬಿಕೆ ಗಳಿಸಲಾಗದು. ಕರೆ ಮಾಡಿದವರ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ನ್ಯಾಯಾಲಯ ಆದೇಶಿಸಿದರೆ ನಾವು ಸುಮ್ಮನಿರುವಂತಿಲ್ಲ. ವಿವರಗಳು ಆಯಾ ದೇಶದ ಕಾನೂನಿನಂತೆ. ಇನ್ನೊಂದು, ಮೇಲಧಿಕಾರಿಯೇ ಬರಹದಲ್ಲಿ ಶಿಫಾರಸು ಮಾಡಿ ಕಳುಹಿಸುವ ದಾರಿ. ಅಲ್ಲಿ ನೌಕರರ ಲಿಖಿತ ಒಪ್ಪಿಗೆ ಇದ್ದರೆ ಅವರು ಬಂದರೇ ಇಲ್ಲವೇ ಎಂಬುದಷ್ಟೇ ಕಚೇರಿಗೆ ತಿಳಿಯುತ್ತದೆ. ಒಳಗೆ ಆಡಿದ ಮಾತು ಆಗಲೂ ಹೊರಗೆ ಹೋಗುವುದಿಲ್ಲ.

ಇನ್ನು ಒಳಗೆ ನಡೆಯುವುದೇನು? ಒಂದು ಉದಾಹರಣೆ ಹೇಳುತ್ತೇನೆ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಒಂದು ತಂಡದ ಮುಖ್ಯಸ್ಥೆ ಕರೆ ಮಾಡಿದ್ದರು. ಮೊಬೈಲ್ ಗುಂಯ್‌ಗುಟ್ಟಿದರೆ ಸಾಕು, ಅವರ ಕೈ ತಣ್ಣಗಾಗುತ್ತಿತ್ತು. ಪ್ರಾಣಾಯಾಮ ಮಾಡುತ್ತಿದ್ದರು, ಧ್ಯಾನದ ಆ್ಯಪ್ ಹಾಕಿಕೊಂಡಿದ್ದರು, ರಜೆ ಹಾಕಿಯೂ ನೋಡಿದ್ದರು. "ನನಗೇ ಏನೋ ಆಗಿದೆ, ಉಳಿದವರೆಲ್ಲ ನಿಭಾಯಿಸುತ್ತಿದ್ದಾರಲ್ಲ" ಎಂದರು. ನಿನ್ನೆಯ ದಿನವನ್ನು ಗಂಟೆ ಗಂಟೆಯಾಗಿ ಹೇಳಿ ಎಂದೆ. ಒಂಬತ್ತೂವರೆಗೆ ಒಬ್ಬ ಅಧಿಕಾರಿ ಗ್ರಾಹಕರ ದೂರುಗಳನ್ನು ಮೊದಲು ಮುಗಿಸಿ ಎಂದಿದ್ದರು. ಹನ್ನೊಂದಕ್ಕೆ ಇನ್ನೊಬ್ಬರು ಅದನ್ನೆಲ್ಲ ಬಿಟ್ಟು ತಿಂಗಳ ಲೆಕ್ಕ ಕೊಡಿ ಎಂದಿದ್ದರು. ಸಂಜೆ ಇಬ್ಬರೂ ಬೇರೆ ಬೇರೆಯಾಗಿ, ಯಾಕೆ ಆಗಲಿಲ್ಲ ಎಂದು ಕೇಳಿದ್ದರು. ಹಿಂದಿನ ದಿನವೂ ಹೀಗೆಯೇ, ಅದರ ಹಿಂದಿನ ದಿನವೂ ಹೀಗೆಯೇ. ಹೇಳುತ್ತಾ ಹೇಳುತ್ತಾ ಅವರೇ ನಿಲ್ಲಿಸಿ, "ಇದು ಯಾರಿಂದಲೂ ಆಗದ ಕೆಲಸ, ಅಲ್ಲವೇ?" ಎಂದರು.

ಉಳಿದ ಹೊತ್ತಿನಲ್ಲಿ ನಾವಿಬ್ಬರೂ ಸೇರಿ ಒಂದು ಸಂದೇಶ ಬರೆದೆವು. ಇಬ್ಬರು ಅಧಿಕಾರಿಗಳಿಗೂ ಒಟ್ಟಿಗೆ, ಒಂದೇ ಮೇಲ್: ಈ ವಾರ ನನ್ನ ಮುಂದೆ ಈ ಎರಡು ಕೆಲಸಗಳಿವೆ, ಎರಡಕ್ಕೂ ಸಮಯ ಸಾಲುವುದಿಲ್ಲ, ಯಾವುದು ಮೊದಲು ಎಂದು ನೀವಿಬ್ಬರೂ ಸೇರಿ ತಿಳಿಸಿ, ತಿಳಿಸುವವರೆಗೆ ದೂರುಗಳ ಕೆಲಸ ಮುಂದುವರಿಸುತ್ತೇನೆ. ಇದರಲ್ಲಿ ದೂರೂ ಇಲ್ಲ, ಕ್ಷಮೆ ಕೇಳುವುದೂ ಇಲ್ಲ. ಆಯ್ಕೆಯ ಭಾರ ಇರಬೇಕಾದವರ ಹೆಗಲಿಗೆ ಹೋಯಿತು. ಮುಂದಿನ ಭೇಟಿಗಳಲ್ಲಿ ಅವರು ಆಫೀಸಿನ ಮಾತನ್ನು ಹೆಚ್ಚು ಎತ್ತಲೇ ಇಲ್ಲ. ಹಾಸಿಗೆ ಹಿಡಿದಿದ್ದ ತಂದೆಯ ಬಗ್ಗೆ ಮಾತನಾಡಿದರು. ಅದು ಅವರಿಗೆ ಬಹಳ ದಿನದಿಂದ ಬೇಕಾಗಿತ್ತು.

ಬೇಡಿಕೆ ಹೆಚ್ಚಿ, ಅದನ್ನು ಹೇಗೆ ಪೂರೈಸಬೇಕೆಂಬ ಸ್ವಾತಂತ್ರ್ಯ ಕಡಿಮೆಯಾದಾಗ ಮನುಷ್ಯ ಕುಸಿಯುತ್ತಾನೆ ಎಂದು ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ವಿವರಿಸಿದ್ದಾರೆ. ಸುರಿದ ಶ್ರಮಕ್ಕೆ ತಕ್ಕ ಸಂಬಳ, ಮನ್ನಣೆ, ಭದ್ರತೆ ಸಿಗದಿದ್ದರೆ ಅದು ದೇಹವನ್ನೂ ತಿನ್ನುತ್ತದೆ ಎಂದು ಜರ್ಮನಿಯಲ್ಲಿ ಕೆಲಸ ಮಾಡಿದ ಸಮಾಜಶಾಸ್ತ್ರಜ್ಞ ಯೊಹಾನೆಸ್ ಸೀಗ್ರಿಸ್ಟ್ 1996ರಲ್ಲಿ ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು. ಬರ್ನ್‌ಔಟ್ ಎಂದು ನಾವು ಕರೆಯುವ ದಣಿವನ್ನು ಅದೇ ಆರೋಗ್ಯ ಸಂಸ್ಥೆ ರೋಗಗಳ ತನ್ನ ಹೊಸ ವರ್ಗೀಕರಣದಲ್ಲಿ ರೋಗ ಎಂದು ಬರೆದಿಲ್ಲ, ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲ ಎಂದು ಬರೆದಿದೆ. "ನನಗೇ ಏನೋ ಆಗಿದೆ" ಎನ್ನುವವರಿಗೆ ನಾನು ಈ ಸಾಲನ್ನು ಓದಿ ಹೇಳುವುದುಂಟು. ಎಷ್ಟೋ ಜನ ಅಲ್ಲೇ ಒಂದು ನಿಟ್ಟುಸಿರು ಬಿಡುತ್ತಾರೆ.

ಕೊರತೆಯೆಲ್ಲ ನೌಕರನಲ್ಲೇ ಇದೆ ಎಂಬ ನೋಟ ನಮ್ಮ ಕ್ಷೇತ್ರಕ್ಕೆ ಹುಟ್ಟಿನಿಂದ ಬಂದದ್ದು. 1935ರಲ್ಲಿ ಅಮೆರಿಕದಲ್ಲಿ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಆರಂಭವಾದ ಮೇಲೆ, 1940ರ ದಶಕದಲ್ಲಿ ಡ್ಯುಪಾಂಟ್, ಈಸ್ಟ್‌ಮನ್ ಕೊಡಾಕ್‌ನಂಥ ಕಂಪನಿಗಳು ಕುಡಿತಕ್ಕೆ ಬಿದ್ದ ಕೆಲಸಗಾರರನ್ನು ತೆಗೆದುಹಾಕುವ ಬದಲು ಸರಿದಾರಿಗೆ ತರುವ ಕಾರ್ಯಕ್ರಮಗಳನ್ನು ನಡೆಸಿದವು. 1970ರ ದಶಕದಲ್ಲಿ ಸಂಸಾರ, ಸಾಲ, ಖಿನ್ನತೆ, ಆತಂಕ ಎಲ್ಲವೂ ಅದರೊಳಕ್ಕೆ ಸೇರಿ ಇಂದಿನ ರೂಪ ಬಂತು. ಆ ಮೊದಲ ಕಾರ್ಯಕ್ರಮಗಳು ಎಷ್ಟೋ ಜನರ ಬದುಕನ್ನು ಉಳಿಸಿವೆ, ಅವುಗಳ ಮೇಲೆ ನನಗೆ ಗೌರವವಿದೆ. ಆದರೆ ಕುಡಿತಕ್ಕೆ ಸರಿಹೊಂದಿದ ಕ್ರಮ ಇಬ್ಬರು ಅಧಿಕಾರಿಗಳ ಎಳೆದಾಟಕ್ಕೆ ಸರಿಹೊಂದುವುದಿಲ್ಲ.

ಸಾವು, ವಿಚ್ಛೇದನ, ಸಾಲ, ಕಾಯಿಲೆ ಬಿದ್ದ ಮಗು, ಬಿಡಲಾಗದ ಚಟ: ಸಂಸ್ಥೆ ತಂದದ್ದೂ ಅಲ್ಲ, ಸಂಸ್ಥೆ ಬಗೆಹರಿಸಬಲ್ಲದ್ದೂ ಅಲ್ಲ ಎನ್ನುವಂಥ ಇಂಥ ನೋವುಗಳಿಗೆ ನಮ್ಮ ಸೇವೆ ನಿಜಕ್ಕೂ ಆಸರೆ. ಆದರೆ ಕೆಲಸವೇ ತಂದಿಟ್ಟ ಒತ್ತಡಕ್ಕೆ ನಮ್ಮ ನಂಬರ್ ಕೊಟ್ಟು ಕೈತೊಳೆದುಕೊಳ್ಳುವುದು, ಗಾಯಕ್ಕೆ ಮುಲಾಮು ಹಚ್ಚಿ ಅದೇ ಮುಳ್ಳಿನ ದಾರಿಗೆ ವಾಪಸು ಕಳುಹಿಸಿದಂತೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಬ್ರಿಟನ್ನಿನ 46,336 ನೌಕರರ ಉತ್ತರಗಳನ್ನು ಪರಿಶೀಲಿಸಿತು. ಒತ್ತಡ ನಿರ್ವಹಣೆಯ ತರಬೇತಿ, ಧ್ಯಾನದ ತರಗತಿ, ಆ್ಯಪ್‌ಗಳಲ್ಲಿ ಪಾಲ್ಗೊಂಡವರು ಪಾಲ್ಗೊಳ್ಳದವರಿಗಿಂತ ನೆಮ್ಮದಿಯಾಗಿದ್ದಾರೆ ಎಂಬುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಒಂದೇ ಅಧ್ಯಯನದಿಂದ ಎಲ್ಲವೂ ತೀರ್ಮಾನವಾಗದು, ಆದರೆ ನಾನು ಫೋನಿನಲ್ಲಿ ಕೇಳುವ ಮಾತಿಗೆ ಇದು ಹೊಂದುತ್ತದೆ. 2022ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಕೆಲಸದ ಪರಿಸ್ಥಿತಿಯನ್ನೇ ಬದಲಿಸುವುದಕ್ಕೆ, ಮೇಲಧಿಕಾರಿಗಳಿಗೆ ತರಬೇತಿ ಕೊಡುವುದಕ್ಕೆ ಒತ್ತು ಕೊಟ್ಟಿದೆ.

ಹಾಗಾಗಿ ಮಾನವ ಸಂಪನ್ಮೂಲ ವಿಭಾಗದಲ್ಲಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಆ ತ್ರೈಮಾಸಿಕ ವರದಿಯನ್ನು ತೆರೆದು ನೋಡಿ. "ಕೆಲಸದ ಹೊರೆ" ಎಂಬ ಸಾಲು ಸತತವಾಗಿ ಏರುತ್ತಿದ್ದರೆ ಕರೆ ಮಾಡಿದವರು ಯಾರೆಂದು ಹುಡುಕಬೇಡಿ. ಪಾಳಿಯ ಪಟ್ಟಿ ನೋಡಿ, ಖಾಲಿ ಬಿದ್ದ ಹುದ್ದೆಗಳನ್ನು ನೋಡಿ, ರಾತ್ರಿ ಹತ್ತರ ಮೇಲೆ ಮೇಲ್ ಕಳುಹಿಸುತ್ತಿರುವವರು ಯಾರು ಎಂದು ನೋಡಿ.

ತಂಡ ನಡೆಸುವವರಿಗೂ ಒಂದು ಮಾತು. ಜಗಳದ ನಡುವೆ "ನೀವು ಕೌನ್ಸೆಲಿಂಗ್ ತೆಗೆದುಕೊಳ್ಳಿ" ಎಂದರೆ ಅದು ಶಿಕ್ಷೆಯಂತೆ ಕೇಳಿಸುತ್ತದೆ, ಆಮೇಲೆ ಆ ತಂಡದಿಂದ ಯಾರೂ ನಮಗೆ ಕರೆ ಮಾಡುವುದಿಲ್ಲ. ರೋಗದ ಹೆಸರು ಹಚ್ಚುವ ಗೋಜಿಗೆ ಹೋಗಬೇಡಿ, ಕಂಡದ್ದನ್ನಷ್ಟೇ ಹೇಳಿ: ಈಚೆಗೆ ಸಭೆಗಳಲ್ಲಿ ಮೌನವಾಗಿದ್ದೀರಿ, ಊಟಕ್ಕೂ ಏಳುತ್ತಿಲ್ಲ, ಹೇಗಿದ್ದೀರಿ? ಉತ್ತರಕ್ಕೆ ಕಾಯಿರಿ. ಕೆಲಸದಲ್ಲಿ ಏನನ್ನು ಇಳಿಸಬಹುದೆಂದು ಮೊದಲು ಕೇಳಿ, ನಂಬರ್ ಆಮೇಲೆ ಕೊಡಿ.

ಕರೆ ಮಾಡಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಕೊನೆಯ ಮಾತು: ರಾಜೀನಾಮೆ ಪತ್ರ ಬರೆದಿಟ್ಟುಕೊಂಡ ಮೇಲೆ ಬರುವವರೇ ನಮ್ಮಲ್ಲಿ ಹೆಚ್ಚು. ಅಷ್ಟು ದೂರ ಹೋಗುವ ಮೊದಲೇ ಬನ್ನಿ. ಸಾಮಾನ್ಯವಾಗಿ ಮೂರರಿಂದ ಎಂಟು ಭೇಟಿಗಳು ಉಚಿತ. ನಿಮಗೆಷ್ಟು ಇವೆ, ಅವು ಮುಗಿದ ಮೇಲೆ ಎಲ್ಲಿಗೆ ಕಳುಹಿಸುತ್ತಾರೆ ಎಂದು ಆರಂಭದಲ್ಲೇ ಕೇಳಿಕೊಳ್ಳಿ. ಔಷಧ ಬೇಕಾಗುವಂಥ ಖಿನ್ನತೆಗೆ ನಾವು ಸಾಲುವುದಿಲ್ಲ, ಮನೋವೈದ್ಯರ ಬಳಿಗೆ ಕಳುಹಿಸುತ್ತೇವೆ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಭೇಟಿಯ ದಿನಕ್ಕೆ ಕಾಯಬೇಡಿ, ತುರ್ತು ಸಹಾಯವಾಣಿಗೋ ಹತ್ತಿರದ ಆಸ್ಪತ್ರೆಗೋ ಆಗಲೇ ತಿಳಿಸಿ. ಅನೇಕ ಕಡೆ ನಿಮ್ಮ ಮನೆಯವರಿಗೂ ಈ ಸೇವೆ ಸಿಗುತ್ತದೆ. ಕಚೇರಿಯ ಫೋನ್, ಕಚೇರಿಯ ಮೇಲ್ ಬೇಡ, ನಿಮ್ಮದೇ ಮೊಬೈಲಿನಿಂದ, ಯಾರೂ ಇಲ್ಲದ ಕಡೆಯಿಂದ ಮಾಡಿ. ಹೇಗೆ ಶುರು ಮಾಡುವುದೆಂಬ ಚಿಂತೆ ಬೇಡ. "ನಿದ್ರೆ ಬರುತ್ತಿಲ್ಲ" ಎಂದರೂ ಸಾಕು, ಮುಂದಿನ ಪ್ರಶ್ನೆ ಕೇಳುವುದು ನಮ್ಮ ಕೆಲಸ.